ಹಳೇ ಡೆಸ್ಕ್‌ಟಾಪ್ ಏಳದಿದ್ದಾಗ ನಾನು ಮೊದಲು ನೋಡುವ ನೇರಳೆ ತಂತಿ

ನನ್ನ ಹತ್ತಿರ ಇಂಟೆಲ್‌ನ ಹಳೇ ಕೋರ್ 2 ಡ್ಯುಯೋ ಪ್ರೊಸೆಸರ್ ಕಾಲದ ಒಂದು ಡೆಸ್ಕ್‌ಟಾಪ್ ಇದೆ. ಡಿಡಿಆರ್2 ರ‍್ಯಾಮ್, ವಿಂಡೋಸ್ 7. ನನ್ನ ಹಳೇ ಸ್ಕ್ಯಾನರ್‌ಗೆ ಹೊಸ ಕಂಪ್ಯೂಟರ್‌ನಲ್ಲಿ ಡ್ರೈವರ್ ಸಿಗುವುದಿಲ್ಲ. ಅದೊಂದಕ್ಕಾಗಿ ಇದನ್ನು ಉಳಿಸಿಕೊಂಡಿದ್ದೇನೆ. ಕೆಲವು ತಿಂಗಳಿಂದ ಅದಕ್ಕೊಂದು ಚಾಳಿ ಹತ್ತಿಕೊಂಡಿತ್ತು. ಗೋಡೆಯ ಸ್ವಿಚ್ ಆನ್‌ನಲ್ಲೇ ಬಿಟ್ಟಿದ್ದರೆ ಬಟನ್ ಒತ್ತಿದ ಕೂಡಲೇ ಏಳುತ್ತಿತ್ತು. ಸ್ವಿಚ್ ಆಫ್ ಮಾಡಿಟ್ಟು ಮಾರನೇ ದಿನ ಹಾಕಿದರೆ ಮಾತ್ರ ಸತಾಯಿಸುತ್ತಿತ್ತು. ಸುಮಾರು ಹೊತ್ತು ಕಾದು ಒತ್ತಿದರೆ ಮತ್ತೆ ಸರಿ. ಕೊನೆಗೊಂದು ದಿನ ಎಷ್ಟು ಕಾದರೂ ಏಳಲಿಲ್ಲ.

ಇಂಥ ಹೊತ್ತಲ್ಲಿ ಪ್ರೊಸೆಸರ್ ಹೋಯ್ತೋ ಮದರ್‌ಬೋರ್ಡ್ ಹೋಯ್ತೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಅದು ಎಲ್ಲಿಯವರೆಗೆ ಬಂದು ನಿಲ್ಲುತ್ತಿದೆ ಎಂದು ನೋಡುವುದು ಮೇಲು. ಬಟನ್ ಒತ್ತಿದರೆ ಏನೂ ಆಗದಿರುವುದು ಒಂದು ಬಗೆ. ಫ್ಯಾನ್ ತಿರುಗಿ ಮಾನಿಟರ್ ಕಪ್ಪಾಗೇ ಇರುವುದು ಇನ್ನೊಂದು. ಬಯೋಸ್ (ವಿಂಡೋಸ್‌ಗೂ ಮೊದಲು ಬೋರ್ಡ್ ಮೇಲೇ ಓಡುವ ಪುಟ್ಟ ಪ್ರೋಗ್ರಾಂ) ಪರದೆ ಬಂದು ವಿಂಡೋಸ್ ಬರದಿರುವುದು ಮತ್ತೊಂದು. ಮೂರಕ್ಕೂ ಕಾರಣ ಬೇರೆ ಬೇರೆ. ನನ್ನದು ಒಂದೊಂದಾಗಿ ಮೂರನ್ನೂ ತೋರಿಸಿತು.

ಸುಲಭದವನ್ನು ಮೊದಲು ನೋಡಿದೆ. ಪವರ್ ಕೇಬಲ್ ಬದಲಿಸಿದೆ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜ್‌ಗೆ ಇಳಿಸುವ ಡಬ್ಬಿ) ಹಿಂದಿನ ಸ್ವಿಚ್ ನೋಡಿದೆ. ಆಮೇಲೆ ಪಕ್ಕದ ಮುಚ್ಚಳ ತೆಗೆದೆ. ಮುಂದಿನ ಬಟನ್ ಮೇಲೆ ನನಗೆ ಯಾವತ್ತೂ ಅನುಮಾನ ಜಾಸ್ತಿ. ವರ್ಷಗಟ್ಟಲೆ ಒತ್ತಿಸಿಕೊಂಡ ಬಡಪಾಯಿ ಅದು, ಅಲ್ವಾ? ಹಾಗಾಗಿ ಬೋರ್ಡ್ ಮೇಲಿನ ಪವರ್ ಸ್ವಿಚ್ ಪಿನ್‌ಗಳಿಂದ ಬಟನ್‌ನ ತಂತಿ ಕಿತ್ತು, ರೀಸೆಟ್ ಬಟನ್‌ನ ತಂತಿಯನ್ನು ಅಲ್ಲಿಗೆ ಸಿಕ್ಕಿಸಿದೆ. ಎರಡೂ ಒಂದೇ ಥರದ ಸ್ವಿಚ್, ಹಿಂದುಮುಂದಾದರೂ ತೊಂದರೆಯಿಲ್ಲ. ಒತ್ತಿದರೆ ಆಗಲೂ ಸುದ್ದಿಯಿಲ್ಲ. ಬಟನ್ ನಿರಪರಾಧಿ.

ಎಷ್ಟೋ ಬೋರ್ಡ್‌ಗಳ ಮೇಲೆ ಒಂದು ಪುಟ್ಟ ಹಸಿರು ದೀಪ ಇರುತ್ತದೆ. ಗೋಡೆಯ ಸ್ವಿಚ್ ಹಾಕಿದ ಕೂಡಲೇ ಉರಿಯಬೇಕು. ನನ್ನದರಲ್ಲಿ ಉರಿಯುತ್ತಿತ್ತು, ಆದರೆ ಮಂಕಾಗಿ. ಎಸ್‌ಎಂಪಿಎಸ್ ಆಫ್ ಆಗಿರುವಾಗಲೂ ಒಂದು ನೇರಳೆ ತಂತಿಯಲ್ಲಿ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಇದೇ ಸ್ಟ್ಯಾಂಡ್‌ಬೈ ವೋಲ್ಟೇಜ್. ಬಟನ್ ಒತ್ತಿದ್ದು ಬೋರ್ಡ್‌ಗೆ ಗೊತ್ತಾಗುವುದೇ ಇದರ ಬಲದಿಂದ. ಗೊತ್ತಾದ ಮೇಲೆ ಬೋರ್ಡ್ ಎಸ್‌ಎಂಪಿಎಸ್‌ನ ಹಸಿರು ತಂತಿಯನ್ನು ಗ್ರೌಂಡ್‌ಗೆ, ಅಂದರೆ ಕಪ್ಪು ತಂತಿಗೆ, ಸೇರಿಸುತ್ತದೆ, ಆಗ ಉಳಿದ ವೋಲ್ಟೇಜ್‌ಗಳು ಬರುತ್ತವೆ. ಸ್ಟ್ಯಾಂಡ್‌ಬೈ ಸೊರಗಿದರೆ ಮುಂದಿನದು ಯಾವುದೂ ನಡೆಯುವುದಿಲ್ಲ.

ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟೆ. ಎಸ್‌ಎಂಪಿಎಸ್‌ನಿಂದ ಬರುವ 24 ಪಿನ್ನಿನ ದೊಡ್ಡ ಕನೆಕ್ಟರ್ ಅನ್ನು ಬೋರ್ಡ್‌ನಿಂದ ಕೀಳಲಿಲ್ಲ. ಕಪ್ಪು ಮೊನೆಯನ್ನು ಕಪ್ಪು ತಂತಿಯ ಜಾಗದಲ್ಲಿ, ಕೆಂಪು ಮೊನೆಯನ್ನು ನೇರಳೆ ತಂತಿಯ ಜಾಗದಲ್ಲಿ, ಕನೆಕ್ಟರ್‌ನ ಹಿಂಬದಿಯಿಂದ ಇಳಿಸಿದೆ. ಪಕ್ಕದ ಪಿನ್‌ಗೆ ತಾಗದ ಹಾಗೆ ಕೈ ಗಟ್ಟಿ ಹಿಡಿಯಬೇಕು. ಮೀಟರ್ 4.2 ತೋರಿಸಿತು. ಶೇ 5ರಷ್ಟು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ, ಅಂದರೆ 4.75ಕ್ಕಿಂತ ಕೆಳಗಿಳಿಯಬಾರದು. ಹಾಗೇ ಹಿಡಿದುಕೊಂಡು ಕೂತೆ. 4.2 ಇದ್ದದ್ದು 4.3 ಆಯಿತು, ತುಂಬಾ ಹೊತ್ತಿನ ಮೇಲೆ 4.4. ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಇಷ್ಟು ದಿನದ ಚಾಳಿಯ ಗುಟ್ಟು ಗೊತ್ತಾಯಿತು. ಎಸ್‌ಎಂಪಿಎಸ್‌ನಲ್ಲಿ ವಿದ್ಯುತ್ ಹಿಡಿದಿಟ್ಟು ವೋಲ್ಟೇಜ್ ಸ್ಥಿರವಾಗಿಡುವ ಕೆಪಾಸಿಟರ್‌ಗಳ ಒಳಗಿನ ದ್ರವ ವರ್ಷ ಕಳೆದಂತೆ ಒಣಗುತ್ತದೆ. ಒಣಗಿದವು ತಣ್ಣಗಿದ್ದಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಬಿಸಿಯಾದರೆ ಸ್ವಲ್ಪ ಸುಧಾರಿಸುತ್ತವೆ. ಕಂಪ್ಯೂಟರ್ ಆಫ್ ಆಗಿದ್ದರೂ ಸ್ಟ್ಯಾಂಡ್‌ಬೈ ಭಾಗ ಹಗಲೂ ರಾತ್ರಿ ದುಡಿಯುತ್ತಿರುತ್ತದೆ, ಫ್ಯಾನ್ ಮಾತ್ರ ನಿಂತಿರುತ್ತದೆ. ಹಾಗಾಗಿ ಬೇಗ ಮುದಿಯಾಗುವುದೂ ಅದೇ. ಹಳೇ ಕಂಪ್ಯೂಟರ್ "ಬಿಸಿಯಾದ ಮೇಲೆ ಏಳುತ್ತೆ" ಎಂದು ಯಾರಾದರೂ ಹೇಳಿದರೆ ನಾನು ಬೇರೆ ಏನನ್ನೂ ಬಿಚ್ಚುವ ಮೊದಲು ನೇರಳೆ ತಂತಿಗೆ ಮೀಟರ್ ಹಿಡಿಯುತ್ತೇನೆ.

ಇಲ್ಲಿ ಪೇಪರ್ ಕ್ಲಿಪ್ ಪರೀಕ್ಷೆಯ ಬಗ್ಗೆ ಒಂದು ಮಾತು. ಕನೆಕ್ಟರ್ ಅನ್ನು ಬೋರ್ಡ್‌ನಿಂದ ತೆಗೆದು, ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ಒಂದು ಕ್ಲಿಪ್ ಸಿಕ್ಕಿಸಿ ಸ್ವಿಚ್ ಹಾಕಿದರೆ ಎಸ್‌ಎಂಪಿಎಸ್ ತಾನೇ ಆನ್ ಆಗುತ್ತದೆ. ಅದನ್ನೂ ಮಾಡಿದೆ. ಫ್ಯಾನ್ ಜೋರಾಗಿ ತಿರುಗಿತು! ಬರೀ ಇದನ್ನು ನೋಡಿ ಎಸ್‌ಎಂಪಿಎಸ್ ಚೆನ್ನಾಗಿದೆ ಎನ್ನುವವರು ಬಹಳ ಜನ. ಖಾಲಿ ಗಾಡಿ ಎಳೆದ ಎತ್ತು ಹೊರೆ ಹಾಕಿದ ಮೇಲೂ ಎಳೆಯುತ್ತದೆ ಎಂದು ಹೇಳಲಾಗುವುದಿಲ್ಲ. ಕ್ಲಿಪ್‌ನಲ್ಲೂ ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಸತ್ತಿರುವ ಸಾಧ್ಯತೆ ಹೆಚ್ಚು. ತಿರುಗಿದರೆ ಏನೂ ಸಾಬೀತಾಗುವುದಿಲ್ಲ.

ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ಬದಲಿಸುವವರಿದ್ದಾರೆ. ನಾನು ಬಿಚ್ಚುವುದಿಲ್ಲ, ಬಿಚ್ಚಿ ಎಂದು ಹೇಳುವುದೂ ಇಲ್ಲ. 230 ವೋಲ್ಟ್ ಬರುವ ಕಡೆ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300ಕ್ಕೂ ಜಾಸ್ತಿ ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಬೇರೆ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಎಸ್‌ಎಂಪಿಎಸ್ ತಂದು ಇದಕ್ಕೆ ಜೋಡಿಸಿದೆ. ದೊಡ್ಡ ಕನೆಕ್ಟರ್ ಜೊತೆಗೆ ಪ್ರೊಸೆಸರ್ ಪಕ್ಕದ 4 ಪಿನ್ನಿನ 12 ವೋಲ್ಟ್ ಕನೆಕ್ಟರ್ ಅನ್ನೂ ಹಾಕಬೇಕು. ಅದನ್ನು ಬಿಟ್ಟರೆ ಫ್ಯಾನ್ ತಿರುಗಿದರೂ ಪ್ರೊಸೆಸರ್‌ಗೆ ಕರೆಂಟ್ ಇರುವುದಿಲ್ಲ.

ಈಗ ಬಟನ್ ಒತ್ತಿದ ಕೂಡಲೇ ಎದ್ದಿತು. ಆದರೆ ಮಾನಿಟರ್ ಕಪ್ಪು. ಒಳಗಿನ ಸಣ್ಣ ಸ್ಪೀಕರ್‌ನಿಂದ ಉದ್ದುದ್ದ ಬೀಪ್, ಮೇಲಿಂದ ಮೇಲೆ. ಕೇಳಿ ಖುಷಿಯೇ ಆಯಿತು. ಬೀಪ್ ಬಂತೆಂದರೆ ಪ್ರೊಸೆಸರ್ ಬದುಕಿದೆ, ಬಯೋಸ್ ಓಡುತ್ತಿದೆ ಎಂದರ್ಥ. ಬೀಪ್‌ಗಳ ಅರ್ಥ ಬಯೋಸ್‌ನಿಂದ ಬಯೋಸ್‌ಗೆ ಬದಲಾಗುತ್ತದೆ, ಬೋರ್ಡ್‌ನ ಕೈಪಿಡಿ ನೋಡಬೇಕು. ನನ್ನದರಲ್ಲಿ ಇದು ರ‍್ಯಾಮ್ ದೂರು.

ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಎರಡೂ ರ‍್ಯಾಮ್ ಹೊರತೆಗೆದೆ. ಸ್ಲಾಟ್‌ಗೆ ಕೂರುವ ಕಾಲುಗಳ ಬಂಗಾರದ ಬಣ್ಣ ಮಾಸಿತ್ತು. ಸಾಮಾನ್ಯವಾಗಿ ಇದಕ್ಕೆ ರಬ್ಬರ್ ಉಜ್ಜುತ್ತಾರೆ. ಉಜ್ಜಿದರೆ ಹೋಗುತ್ತದೆ ನಿಜ, ಆದರೆ ಆ ಲೇಪ ಬಹಳ ತೆಳು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುವುದು ನನಗೆ ಸರಿ ಅನಿಸುತ್ತದೆ. ಸ್ಲಾಟ್‌ನ ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆದೆ. ಒಂದೇ ರ‍್ಯಾಮ್ ಹಾಕಿ ಆನ್ ಮಾಡಿದೆ, ಪರದೆ ಬಂತು. ಎರಡನೆಯದನ್ನೂ ಸೇರಿಸಿದೆ, ಆಗಲೂ ಬಂತು.

ಬಂದದ್ದು ವಿಂಡೋಸ್ ಅಲ್ಲ, ಸಿಮಾಸ್ ಚೆಕ್‌ಸಮ್ ಎರರ್. ಸಿಮಾಸ್ ಅಂದರೆ ಬಯೋಸ್‌ನ ಸೆಟ್ಟಿಂಗ್ ಉಳಿಸಿಡುವ ಪುಟ್ಟ ಮೆಮೊರಿ, ಅದರಲ್ಲಿದ್ದದ್ದು ಕೆಟ್ಟಿದೆ ಎಂಬ ದೂರು ಇದು. ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿ ಕೂತಿತ್ತು. ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ತೆಗೆದು ಅಳೆದೆ. 3 ವೋಲ್ಟ್ ಇರಬೇಕಾದದ್ದು 2.3. ಗೋಡೆಯ ಸ್ವಿಚ್ ಆನ್ ಇದ್ದಷ್ಟು ದಿನ ಸಿಮಾಸ್‌ಗೂ ಸ್ಟ್ಯಾಂಡ್‌ಬೈನಿಂದಲೇ ಕರೆಂಟ್ ಹೋಗುತ್ತಿರುತ್ತದೆ. ಅದಕ್ಕೇ ಸೆಲ್ ಸತ್ತದ್ದು ಇಷ್ಟು ದಿನ ಗೊತ್ತಾಗಿರಲಿಲ್ಲ. ಹೊಸ ಸೆಲ್ ಹಾಕಿ, ತಾರೀಖು ಸರಿಮಾಡಿ ಸೇವ್ ಮಾಡಿದೆ.

ವಿಂಡೋಸ್ ಲೋಗೋ ಅರ್ಧ ಬಂದು ನೀಲಿ ಪರದೆ. ಸ್ಟಾಪ್ ಕೋಡ್‌ನ ಕೊನೆಯಲ್ಲಿ 7ಬಿ. ಈ ಹಂತದಲ್ಲಿ ತುಂಬಾ ಜನ ಹಾರ್ಡ್ ಡಿಸ್ಕ್ ಹೋಯಿತೆಂದು ಫಾರ್ಮ್ಯಾಟ್‌ಗೆ ಇಳಿದುಬಿಡುತ್ತಾರೆ. ದಯವಿಟ್ಟು ತಡೆಯಿರಿ. 7ಬಿ ಅಂದರೆ ಬೂಟ್ ಆಗಬೇಕಾದ ಡಿಸ್ಕ್ ವಿಂಡೋಸ್‌ಗೆ ಸಿಗುತ್ತಿಲ್ಲ ಎಂದು. ಸೆಲ್ ಸತ್ತು ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಹೋದಾಗ ಸಾಟಾ ಮೋಡ್, ಅಂದರೆ ಬೋರ್ಡ್ ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ, ಹಳೇ ಐಡಿಇ ಆಗಿತ್ತು. ವಿಂಡೋಸ್ ಹಾಕಿದ್ದು ಎಎಚ್‌ಸಿಐ ಎಂಬ ಇನ್ನೊಂದು ರೀತಿಯಲ್ಲಿ. ಬಯೋಸ್‌ನಲ್ಲಿ ಅದೊಂದನ್ನು ಬದಲಿಸಿದೆ, ನೇರವಾಗಿ ಡೆಸ್ಕ್‌ಟಾಪ್ ಬಂತು.

ಸ್ಕ್ಯಾನರ್ ಜೋಡಿಸುವ ಮೊದಲು ಬೇಕಾದ ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದೆ. ಆಮೇಲೆ ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿ ತೆಗೆದೆ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್‌ಗಳ, ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಭಾಗಗಳ, ಲೆಕ್ಕ ಸೊನ್ನೆ ಇದೆ. ಹಾಗಾಗಿ ಸದ್ಯಕ್ಕೆ ಡಿಸ್ಕ್ ಬದಲಿಸುವ ಗೋಜಿಗೆ ಹೋಗಿಲ್ಲ.