ದಪ್ಪ ಮಾಡಿದಷ್ಟೂ ಮುರಿಯುವ ಕೊಕ್ಕೆ

ಗಂಗಾವತಿ ಕಡೆಯ ಮೋಟಾರ್ ಮೆಕ್ಯಾನಿಕ್ ಒಬ್ಬರು ಫೋನ್ ಮಾಡಿ ಹೇಳಿದ್ದು ಇಷ್ಟೇ: "ಸರ, ಒಂದ್ ಸಲ ಮುಚ್ಚಳ ತಗದ್ರ ಕಿವಿ ಕೈಯಾಗ ಬರ್ತಾವ್ರಿ."

ಕಿವಿ ಅಂದರೆ ಮುಚ್ಚಳದ ಕೊಕ್ಕೆ. ನಾವು ಡ್ರಾಯಿಂಗ್‌ನಲ್ಲಿ ಸ್ನ್ಯಾಪ್ ಫಿಟ್ ಅಂತ ಬರೆಯುತ್ತೇವೆ. ಬೋರ್‌ವೆಲ್ ಸ್ಟಾರ್ಟರ್ ಪಕ್ಕ ನೇತುಹಾಕುವ ಟೈಮರ್‌ಗೆ ಎಬಿಎಸ್ ಪ್ಲಾಸ್ಟಿಕ್‌ನ ಡಬ್ಬಿ ಅದು. ಸ್ಕ್ರೂ ಬೇಡ, ಟಕ್ ಅಂತ ಕೂರಬೇಕು ಅನ್ನೋದು ಗಿರಾಕಿಯ ಬೇಡಿಕೆ. ಕೊಪ್ಪಳದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಅಲ್ಲೇ ಕೂತು ಮಾಡೆಲ್ ಮಾಡಿದ್ದೆ. ಕೊಕ್ಕೆಯ ತೋಳು 8 ಮಿಮೀ ಉದ್ದ, 1.5 ಮಿಮೀ ದಪ್ಪ, ತುದಿಯಲ್ಲಿ ಹೊರಕ್ಕೆ ಉಬ್ಬಿದ ಚಾಚು 1 ಮಿಮೀ. ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತಿತ್ತು.

ಮುರಿಯುತ್ತಿದೆ ಅಂದಾಗ ಯಾರಾದರೂ ಏನು ಮಾಡುತ್ತಾರೆ? ದಪ್ಪ ಮಾಡುತ್ತಾರೆ. ನಾನೂ ಅದನ್ನೇ ಮಾಡಿದೆ. ಡಬ್ಬಿಯ ಡೈ, ಅಂದರೆ ಪ್ಲಾಸ್ಟಿಕ್ ತುಂಬುವ ಉಕ್ಕಿನ ಅಚ್ಚು, ಮಾಡಿದ ಹುಬ್ಬಳ್ಳಿಯ ಅಂಗಡಿಗೆ ಹೋಗಿ 1.5 ಇದ್ದದ್ದನ್ನು 2 ಮಾಡಿಸಿದೆ. ಮುಂದಿನ ಲಾಟಿನಲ್ಲಿ ಇನ್ನೂ ಜಾಸ್ತಿ ಮುರಿದವು. ಸಾಲದ್ದಕ್ಕೆ ಮುಚ್ಚಳದ ಮೇಲ್ಮೈಯಲ್ಲಿ, ಕೊಕ್ಕೆ ಹುಟ್ಟುವ ಜಾಗಕ್ಕೆ ಸರಿಯಾಗಿ, ಸಣ್ಣ ಗುಳಿ ಬೇರೆ. ಮುಚ್ಚಳ 2.5 ಮಿಮೀ ದಪ್ಪ. ಅದರ ಬೆನ್ನಿಗೆ 2 ಮಿಮೀ ತೋಳು ನಿಲ್ಲಿಸಿದರೆ ಆ ಜಾಗ ನಿಧಾನಕ್ಕೆ ತಣ್ಣಗಾಗಿ ಒಳಕ್ಕೆ ಎಳೆದುಕೊಳ್ಳುತ್ತೆ. ಅದಕ್ಕೇ ತೋಳಿನ ಬುಡದ ದಪ್ಪ ಮುಚ್ಚಳದ ದಪ್ಪದ ಅರವತ್ತು ಪರ್ಸೆಂಟ್ ಮೀರಬಾರದು ಅಂತಾರೆ. ಓದಿದ್ದೆ, ಮರೆತಿದ್ದೆ.

ಆಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಮೊದಲೇ ಮಾಡಬೇಕಿತ್ತು, ಅಲ್ವಾ. ತೋಳು ಬಾಗಿದಾಗ ಬುಡದ ಹೊರಮೈ ಎಷ್ಟು ಹಿಗ್ಗುತ್ತೆ ಅನ್ನೋದೇ ಸ್ಟ್ರೇನ್. ಒಂದೇ ದಪ್ಪದ ತೋಳಿಗೆ ಲೆಕ್ಕ ಸುಲಭ: ಒಂದೂವರೆಯನ್ನು ದಪ್ಪದಿಂದ ಗುಣಿಸಿ, ಚಾಚಿನಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಿ. ನನ್ನ ಮೊದಲ ಕೊಕ್ಕೆಗೆ 3.5 ಪರ್ಸೆಂಟ್ ಬಂತು. ದಪ್ಪ ಮಾಡಿದ್ದಕ್ಕೆ 4.7. ಪದೇ ಪದೇ ತೆಗೆದು ಹಾಕುವ ಎಬಿಎಸ್ ಕೊಕ್ಕೆಯನ್ನು ನಾನು ಈಗ 2 ಪರ್ಸೆಂಟ್ ಒಳಗೇ ಇಡುತ್ತೇನೆ. ಅಂದರೆ ಮುರಿಯುವ ಕೊಕ್ಕೆಯನ್ನು ನಾನೇ ದುಡ್ಡು ಕೊಟ್ಟು ಇನ್ನಷ್ಟು ಮುರಿಯುವ ಹಾಗೆ ಮಾಡಿಸಿದ್ದೆ! ಬೆತ್ತ ಬಾಗುತ್ತೆ, ಗೂಟ ಬಾಗಲ್ಲ. ಇಷ್ಟೇ ವಿಷಯ.

ಉದ್ದಕ್ಕೆ ವರ್ಗ ಇದೆ ಅನ್ನೋದನ್ನು ಗಮನಿಸಿ. 8 ಇದ್ದ ತೋಳನ್ನು 12 ಮಾಡಿ, ದಪ್ಪವನ್ನು ವಾಪಸ್ 1.5ಕ್ಕೆ ತಂದರೆ ಸ್ಟ್ರೇನ್ 1.6ರ ಹತ್ತಿರ ಇಳಿಯುತ್ತೆ. ಇನ್ನೊಂದು ಉಪಾಯವೂ ಇದೆ. ತೋಳನ್ನು ಬುಡದಿಂದ ತುದಿಗೆ ಸಣ್ಣದಾಗಿಸುತ್ತಾ ಹೋಗೋದು. ಬುಡದಲ್ಲಿ 1.5, ತುದಿಯಲ್ಲಿ ಅದರ ಅರ್ಧ. ಆಗ ಬಾಗು ಬುಡದಲ್ಲೊಂದೇ ಅಲ್ಲ, ತೋಳಿನ ಉದ್ದಕ್ಕೂ ಹಂಚಿಹೋಗುತ್ತೆ. ಸ್ಟ್ರೇನ್ ಒಂದು ಪರ್ಸೆಂಟ್ ಆಸುಪಾಸಿಗೆ ಬಂತು.

ಬುಡದ ಮೂಲೆಯನ್ನು ಮೊದಲು ಚೂಪಾಗಿಯೇ ಬಿಟ್ಟಿದ್ದೆ. ಶಾಂಪೂ ಪೊಟ್ಟಣಕ್ಕೆ ಅಂಚಿನಲ್ಲಿ ಒಂದು ಕಚ್ಚು ಇರುತ್ತಲ್ಲ, ಅಲ್ಲಿಂದಲೇ ಹರಿಯುತ್ತೆ. ಚೂಪು ಮೂಲೆಯೂ ಹಾಗೇ. ಈಗ ದಪ್ಪದ ಅರ್ಧದಷ್ಟು, ಅಂದರೆ 0.75 ಮಿಮೀ ಫಿಲೆಟ್, ಅಂದರೆ ಮೂಲೆಗೆ ದುಂಡು, ಕೊಟ್ಟೆ.

ಮಾಡೆಲ್ ಮಾಡುವಾಗ ಈ ಸಲ ಫ್ರೀಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡೆ. ಉದ್ದ, ದಪ್ಪ, ಚಾಚು ಎಲ್ಲ ಅಲ್ಲಿ ಬದಲಿಸಿದರೆ ಕೊಕ್ಕೆಯೂ ಬದಲಾಗುತ್ತೆ, ಪಕ್ಕದ ಸೆಲ್‌ನಲ್ಲಿ ಸ್ಟ್ರೇನ್ ಕೂಡ ಕಾಣುತ್ತೆ. ಡೈಗೆ ಮೊದಲು 3ಡಿ ಪ್ರಿಂಟ್ ಮಾಡಿ ನೋಡಿದೆ. ಕೊಕ್ಕೆಯನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರಗಳ ನಡುವೆಯೇ ಕಿತ್ತು ಬರುತ್ತೆ. ಅಡ್ಡ ಮಲಗಿಸಬೇಕು. ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಬೇಡ, ಪಿಇಟಿಜಿ ಮೇಲು. ಏಪ್ರಿಲ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದ ಒಂದು ಪಿಎಲ್‌ಎ ಮುಚ್ಚಳ ಸಂಜೆಗೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಬಿಸಿಲಿನಿಂದ ಇನ್ನೊಂದು ಪಾಠವಾಯಿತು. ಮುರಿಯದೇ ಉಳಿದ ಹಳೇ ಡಬ್ಬಿಗಳ ಮುಚ್ಚಳ ಮೇ ತಿಂಗಳಿಗೆ ಸಡಿಲವಾಗಿದ್ದವು. ಬಿಗಿಯಾಗಿ ಕೂರಲಿ ಅಂತ ಮುಚ್ಚಿದ ಮೇಲೂ ಕೊಕ್ಕೆ ಸ್ವಲ್ಪ ಬಾಗಿಯೇ ಇರುವ ಹಾಗೆ ಇಟ್ಟಿದ್ದೆ. ತಗಡಿನ ಶೆಡ್ಡಿನ ಕಾವಿಗೆ ತಿಂಗಳುಗಟ್ಟಲೆ ಬಾಗಿದ ಪ್ಲಾಸ್ಟಿಕ್ ಅದೇ ಆಕಾರಕ್ಕೆ ಒಗ್ಗಿಕೊಂಡಿತು. ಕೊಕ್ಕೆ ಮುಚ್ಚುವಾಗ ಮಾತ್ರ ಬಾಗಬೇಕು. ಕೂತ ಮೇಲೆ ನೆಟ್ಟಗೆ ನಿಲ್ಲಬೇಕು. ಹೊಸದರಲ್ಲಿ 0.2 ಮಿಮೀ ಸಡಿಲ ಬಿಟ್ಟೆ.

ಡೈ ಅಂಗಡಿಯ ಯಜಮಾನರು ಹೊಸ ಡ್ರಾಯಿಂಗ್ ನೋಡಿ ನಕ್ಕರು. "ತಮ್ಮಾ, ಕಬ್ಬಿಣ ತಗಿಯೂದು ನನ್ನ ಕೈಯಾಗ ಐತಿ. ಹಾಕೂದಲ್ಲ." ಕೊಕ್ಕೆ ದಪ್ಪ ಮಾಡೋದು ಅಂದರೆ ಡೈಯಲ್ಲಿ ಉಕ್ಕು ಕೊರೆಯೋದು, ಸುಲಭ. ತೆಳ್ಳಗೆ ಮಾಡೋದು ಅಂದರೆ ಉಕ್ಕು ತುಂಬೋದು. ಡೈಯ ಆ ಜಾಗಕ್ಕೆ ಹೊಸ ತುಂಡೇ (ಇನ್ಸರ್ಟ್) ಬೇಕಾಯಿತು. ಅಂದಿನಿಂದ ಚಾಚನ್ನು ಮೊದಲು ಕಡಿಮೆಯೇ ಕೊಡುತ್ತೇನೆ. ಸಾಲದಿದ್ದರೆ ಕೊರೆಸಿ ಹೆಚ್ಚಿಸಬಹುದು. ಇದರಲ್ಲೂ 1 ಇದ್ದದ್ದನ್ನು ಟ್ರಯಲ್ ಆದ ಮೇಲೆ 1.2 ಮಾಡಿಸಿದೆ. ಸ್ಟ್ರೇನ್ ಇನ್ನೂ ಒಂದೂಕಾಲರ ಒಳಗೇ ಇತ್ತು.

ಕೊಕ್ಕೆಯ ಚಾಚಿನ ನೇರಕ್ಕೆ ಮುಚ್ಚಳದಲ್ಲಿ ಒಂದು ಸೀಳುತೂತು ಬಿಟ್ಟರೆ ಡೈಯ ಇನ್ನೊಂದು ಭಾಗ ಅದರ ಮೂಲಕ ಬಂದು ಚಾಚಿನ ಹಿಂಬದಿಯನ್ನು ರೂಪಿಸುತ್ತೆ. ಅದಕ್ಕೆಂದೇ ಡೈಯಲ್ಲಿ ಸರಿಯುವ ಭಾಗಗಳನ್ನು (ಸ್ಲೈಡರ್, ಲಿಫ್ಟರ್) ಮಾಡಿಸುವ ಖರ್ಚು ಉಳಿಯಿತು. ತೂತಿನಲ್ಲಿ ಇರುವೆ ಹೋಗಲ್ವಾ ಅಂತ ಗಿರಾಕಿ ಕೇಳಿದರು. ಮುಚ್ಚಿದಾಗ ಡಬ್ಬಿಯ ಗೋಡೆಯ ತಲೆ ಸರಿಯಾಗಿ ಆ ತೂತಿನ ಕೆಳಗೇ ಬಂದು ಕೂರುತ್ತೆ. ಇದೊಂದನ್ನು ಯೋಚಿಸಿಯೇ ಮಾಡಿದ್ದೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಕೊಕ್ಕೆ ಕೂರುವ ಕಿಟಕಿಗಳನ್ನು ಕೇಬಲ್ ತೂತು ಇದ್ದ ಎರಡು ಬದಿಗಳಲ್ಲೇ ಇಟ್ಟೆ. ಅಲ್ಲಿ ಬದಿಯಿಂದ ಬಂದು ತೂತು ಮೂಡಿಸುವ ಡೈ ಭಾಗ (ಸೈಡ್ ಕೋರ್) ಹೇಗೂ ಇತ್ತು.

ಚಾಚಿನ ಒಳಹೋಗುವ ಬದಿಯ ಇಳಿಜಾರು 30 ಡಿಗ್ರಿ. ಹಿಂಬದಿ ಮೊದಲು 90 ಇತ್ತು. ಮೆಕ್ಯಾನಿಕ್‌ಗಳು ಕಿಟಕಿಯಲ್ಲಿ ಕೊಕ್ಕೆ ಒತ್ತಿ ಬಿಡಿಸೋದಿಲ್ಲ, ಟೆಸ್ಟರ್ ತುರುಕಿ ಮೀಟುತ್ತಾರೆ. ಹಾಗಾಗಿ 50 ಮಾಡಿದೆ. ಮೀಟಿದರೂ ಜಾರಿ ಬರುತ್ತೆ.

ಹೊಸ ಲಾಟ್ ಹೋದ ಮೇಲೆ ಅದೇ ಮೆಕ್ಯಾನಿಕ್ ಮತ್ತೆ ಫೋನ್ ಮಾಡಿದರು. ಎದೆ ಧಸಕ್ ಅಂತು. "ಸರ, ಮುರಿವಲ್ವು. ಖರೆ, ಎಲ್ಲಿ ಹಾಕಿ ತಗಿಬೇಕಂತ ಗೊತ್ತಾಗವಲ್ದು." ಮುಚ್ಚಳದ ಅಂಚಿನಲ್ಲಿ ಒಂದು ಉಬ್ಬು ಬಾಣ ಕೆತ್ತಿಸಲು ಮತ್ತೆ ಹುಬ್ಬಳ್ಳಿಗೆ ಹೋದೆ. ಯಜಮಾನರು ದುಡ್ಡು ತಗೊಳ್ಳಲಿಲ್ಲ. ಉಕ್ಕು ಕೊರೆಯುವ ಕೆಲಸವಷ್ಟೇ ಇತ್ತಲ್ಲ.