ಕದ್ದವನನ್ನೇ ಮತ್ತೆ ಗಲ್ಲಾದಲ್ಲಿ ಕೂರಿಸಿದೆ: ನನ್ನ ಅನುಭವ

ದರ್ಶಿನಿ ನಡೆಸುವವರಿಗೆ ಟೋಕನ್ ಆಟ ಹೊಸದೇನಲ್ಲ. ದೋಸೆ ಕೌಂಟರಿನವನು ಟೋಕನನ್ನು ಮೊಳೆಗೆ ಚುಚ್ಚುವುದಿಲ್ಲ. ಅದು ಸುಮ್ನೆ ಗಲ್ಲಾಕ್ಕೆ ವಾಪಸ್ ಬರುತ್ತದೆ, ಬಿಲ್ ಆಗದೆ ಇನ್ನೊಬ್ಬ ಗಿರಾಕಿಗೆ ಹೋಗುತ್ತದೆ. ದುಡ್ಡು ಇಬ್ಬರ ಜೇಬಿಗೆ. 2022ರಲ್ಲಿ ನನ್ನ ಕ್ಯಾಷಿಯರ್ ಹೀಗೇ ಸಿಕ್ಕಿಬಿದ್ದ. ಎಂಟೊಂಬತ್ತು ವರ್ಷದಿಂದ ಜೊತೆಗಿದ್ದವನು, ನಮ್ಮ ಕುಂದಾಪುರ ಕಡೆಯವನೇ. ಅವನನ್ನು ಹಿಡಿದದ್ದು ಸಿಸಿಟಿವಿ ಅಲ್ಲ, ಹಿಟ್ಟು. ನಮ್ಮ ಸೈಜಿಗೆ ಕೆಜಿ ಹಿಟ್ಟಿಗೆ ಎಂಟರಿಂದ ಒಂಬತ್ತು ದೋಸೆ. ಹಿಟ್ಟು ಖಾಲಿ, ಬಿಲ್ ಕಮ್ಮಿ. ಕೂತು ಲೆಕ್ಕ ಹಾಕಿದಾಗ ಒಂದೂವರೆ ಲಕ್ಷದ ಆಸುಪಾಸು ಹೋಗಿತ್ತು. ದೋಸೆಯವನು ಅದೇ ರಾತ್ರಿ ಬಸ್ ಹತ್ತಿದ. ಇವನು ಓಡಲಿಲ್ಲ.

ಪಾರ್ಟ್‌ನರ್ ಆಗಿರುವ ಭಾವ "ಸ್ಟೇಷನ್‌ಗೆ ಕೊಡು ಮಾರಾಯ" ಅಂದರು. ಕೊಡಬಹುದಿತ್ತು. ನೌಕರ ಹೀಗೆ ನಂಬಿಕೆ ದ್ರೋಹ ಮಾಡಿದರೆ ಆಗ ಐಪಿಸಿ 408, ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 316(4). ಏಳು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಕೋರ್ಟಿಗೆ ನಾನೂ ಅಲೆಯಬೇಕಲ್ವಾ? ಬೆಳಿಗ್ಗೆ ಐದಕ್ಕೆ ಇಡ್ಲಿ ಸ್ಟೀಮರ್ ಯಾರು ನೋಡುತ್ತಾರೆ?

ಹಾಗಂತ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುವುದೂ ನಡೆಯುವುದಿಲ್ಲ. ಹಿಂದೆ ಒಬ್ಬ ಕಾಲಿಗೆ ಬಿದ್ದ, ವಾರದೊಳಗೆ ಅದೇ ಗಲ್ಲಾದಲ್ಲಿ ಕೂರಿಸಿದೆವು. ಮತ್ತೆ ನಲವತ್ತು ಸಾವಿರ ಹೋಯಿತು. ಇನ್ನೊಬ್ಬನ ಹತ್ತಿರ ಬಾಂಡ್ ಪೇಪರ್, ಖಾಲಿ ಚೆಕ್ ಬರೆಸಿಕೊಂಡೆವು. ಅವನ ಅಕೌಂಟೂ ಖಾಲಿ. ಮೂರನೆಯವನನ್ನು ಪಾತ್ರೆ ತೊಳೆಯಲು ಹಾಕಿದೆವು. ಉಳಿದ ಹುಡುಗರು ಅವನಿಗೆ ಚುಚ್ಚಿ ಚುಚ್ಚಿ ಮಾತಾಡಿದರು. ಅಡ್ವಾನ್ಸ್ ಸಮೇತ ನಾಪತ್ತೆ.

ಈ ಸಲ ಬೇರೆ ಮಾಡಿದೆ. ಮೊದಲ ದಿನವೇ ಹೇಳಿದೆ: ಊರಿಗೆ, ನಿನ್ನ ಹೆಂಡತಿಗೆ ಈ ವಿಷಯ ಹೋಗಲ್ಲ. ಗಲ್ಲಾ ಮಾತ್ರ ಸದ್ಯಕ್ಕೆ ನಿನ್ನದಲ್ಲ. ಪೊಲೀಸ್ ಹೆಸರಿಗೆ ಅಷ್ಟಾಗಿ ಹೆದರದವನು ಊರಿನ ಹೆಸರಿಗೆ ಅತ್ತುಬಿಟ್ಟ. ವಾರದ ಬಡ್ಡಿಯ ಸಾಲ ಮಾಡಿಕೊಂಡಿದ್ದನಂತೆ. ಅವನನ್ನು ಸ್ಟೋರಿಗೆ ಹಾಕಿ ಅಕ್ಕಿ, ಉದ್ದು, ಹಿಟ್ಟಿನ ಲೆಕ್ಕ ಕೊಟ್ಟೆ. ಎಲ್ಲೆಲ್ಲಿ ಸೋರುತ್ತದೆ ಅಂತ ಅವನಷ್ಟು ಗೊತ್ತಿದ್ದವರು ಯಾರು? ಎರಡು ಕಡೆ ಅವನೇ ತೋರಿಸಿದ. ಆ ಎರಡನ್ನೂ ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರೂ ಫೋನ್ ನೋಡುತ್ತಾರೆ.

ದುಡ್ಡಿನ ವಿಷಯಕ್ಕೆ ಎಲ್ಲರೂ ನಕ್ಕರು. ಸಂಬಳದಲ್ಲಿ ಹಿಡಿಯಲಿಲ್ಲ. ಪೂರ್ತಿ ಸಂಬಳ ಕೈಗೆ ಕೊಡುತ್ತಿದ್ದೆ. ಮಾರನೆಯ ದಿನ ಅವನಾಗಿಯೇ ನಾಲ್ಕು ಸಾವಿರ ತಂದು ಕೊಡಬೇಕು. "ಒಂದು ರಾತ್ರಿ ದುಡ್ಡು ಅವನ ಹತ್ತಿರ ಬಿಡ್ತೀಯಾ? ಹುಚ್ಚು" ಅಂದರು ಭಾವ. ಆ ಒಂದು ರಾತ್ರಿಯೇ ಬೇಕಿತ್ತು ನನಗೆ. ಹಿಡಿದುಕೊಂಡರೆ ಮನುಷ್ಯನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಎರಡು ತಿಂಗಳು ತಪ್ಪಿತು, ಆದರೆ ಎರಡೂ ಸಲ ಮೊದಲೇ ಬಂದು ಹೇಳಿದ. ಬರದೇ ಹೇಳದೇ ಇದ್ದಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆ. ಮೂರು ವರ್ಷದ ಹತ್ತಿರ ಹಿಡಿಯಿತು. ಒಂದು ಲಕ್ಷ ಇಪ್ಪತ್ತರ ಮೇಲೆ ಬಂತು, ಉಳಿದದ್ದು ಬಿಟ್ಟೆ. ಮಧ್ಯೆ ಹಾಲಿನ ದುಡ್ಡು, ಆಮೇಲೆ ತರಕಾರಿ ದುಡ್ಡು, ಆಮೇಲೆ ಭಾನುವಾರ ಸಂಜೆಯ ಗಲ್ಲಾ, ಹೀಗೆ ಒಂದೊಂದೇ ಬಿಟ್ಟುಕೊಟ್ಟೆ.

ನಡುವೆ ದಿನಕ್ಕೊಂದು ಬಣ್ಣದ ಟೋಕನ್ ಮಾಡಿ ನೋಡಿದೆ. ನಾಲ್ಕೈದು ಸಾವಿರ ದಂಡ. ಸ್ಟೀಮಿಗೆ ಹಳದಿ ಯಾವುದು, ಕೇಸರಿ ಯಾವುದು ಅಂತ ಯಾರಿಗೂ ತಿಳಿಯಲಿಲ್ಲ. ಚೀಟಿ ದುಡ್ಡು ಮುಳುಗಿಸಿದ ನನ್ನ ತಮ್ಮನ ಮೇಲೂ ಇದೇ ಕ್ರಮ ಹಾಕಿದೆ. "ನನ್ನ ಹತ್ರನೇ ಲೆಕ್ಕ ಕೇಳ್ತೀಯಾ ಅಣ್ಣ?" ಅಂದ. ಮನೆಯಲ್ಲಿ ಹಿಟ್ಟಿನ ಲೆಕ್ಕ ಇರುವುದಿಲ್ಲವಲ್ಲ, ಅಲ್ಲಿ ಇದು ಕೂಡಿ ಬರಲಿಲ್ಲ. ದೀಪಾವಳಿಗೆ ಒಟ್ಟಿಗೆ ಉಣ್ಣುತ್ತೇವೆ, ದುಡ್ಡಿನ ಮಾತಿಲ್ಲ. ಅಷ್ಟಾದರೂ ಉಳಿದಿದೆ.

ನಿಜವಾದ ಪರೀಕ್ಷೆ ಬಂದದ್ದು 2025ರ ಜುಲೈನಲ್ಲಿ. ಯುಪಿಐ ವ್ಯವಹಾರ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತಲ್ಲ, ಆಗ. ಅಕ್ಕಪಕ್ಕದ ಬೇಕರಿ, ಕಾಂಡಿಮೆಂಟ್ಸ್‌ನವರು "ನೋ ಯುಪಿಐ" ಬೋರ್ಡ್ ಹಾಕಿದರು. ನಾವು ಹಾಕಲಿಲ್ಲ, ಆದರೆ ಜನ ಜೇಬಿನಲ್ಲಿ ನೋಟು ಇಟ್ಟುಕೊಂಡೇ ಬರತೊಡಗಿದರು. ನಮ್ಮ ಕ್ಯಾಶ್ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಆಯಿತು. ಅದೇ ಹೊತ್ತಿಗೆ ಇನ್ನೊಬ್ಬ ಕ್ಯಾಷಿಯರ್ ರಜೆ. ಇಡೀ ವಾರ ಇವನೇ ಕೂತ. ರಾತ್ರಿ ಹಿಟ್ಟಿಗೂ ದುಡ್ಡಿಗೂ ತಾಳೆ ಹಾಕಿದರೆ ವ್ಯತ್ಯಾಸ ಹತ್ತಿಪ್ಪತ್ತು ರೂಪಾಯಿ, ಅದೂ ಚಿಲ್ಲರೆಯದು.

ಭಾವ ಏನೂ ಹೇಳಲಿಲ್ಲ. ಹೋದ ತಿಂಗಳು ಅವರ ಇನ್ನೊಂದು ಬ್ರಾಂಚಿನಲ್ಲಿ ಜ್ಯೂಸ್ ಕೌಂಟರಿನವನು ಸಿಕ್ಕಿಬಿದ್ದನಂತೆ. ಫೋನ್ ಮಾಡಿ, "ಆ ಸಂಬಳ ಕೊಟ್ಟು ವಾಪಸ್ ತಗೊಳ್ಳೋದು ಹೇಗೆ ಮಾಡಿದ್ದು, ಸ್ವಲ್ಪ ಹೇಳು" ಅಂದರು.