ಕುಡಿಯುತ್ತಿದ್ದ ಹೊತ್ತಿಗೇ ಧ್ಯಾನಕ್ಕೆ ಕೂತೆ

ಕುಡಿತ ಬಿಡಬೇಕು ಅಂತ ಹೊರಟವರಿಗೆ ನಮ್ಮ ಕಡೆ ಸಿಗುವ ಮೊದಲ ಸಲಹೆ, "ಬೆಳಗಿನ ಜಾವ ಎದ್ದು ಧ್ಯಾನ ಮಾಡು, ಮನಸ್ಸು ಹಿಡಿತಕ್ಕೆ ಬರ್ತದೆ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬಿಟ್ಟ ಮೇಲೆ ನನಗೆ ಬೆಳಗಿನ ಹೊತ್ತು ಅಷ್ಟು ಕಷ್ಟ ಇರಲಿಲ್ಲ. ಕಷ್ಟ ಇದ್ದದ್ದು ಸಂಜೆ ಆರೂವರೆಯಿಂದ ಎಂಟರವರೆಗೆ. ಮಂಡ್ಯದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ರೈತರ ಪಂಪ್‌ಸೆಟ್ ಮೋಟಾರ್ ಬಿಚ್ಚಿ, ಸುಟ್ಟ ಕಾಯಿಲ್ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಶಟರ್ ಎಳೆದು ದುಡ್ಡು ಜೇಬಿಗೆ ಹಾಕಿದ ಕೂಡಲೇ ಕಾಲು ವೈನ್ ಶಾಪ್ ಕಡೆ ತಿರುಗುತ್ತಿತ್ತು. ಹಾಗಾಗಿ ನಾನು ಧ್ಯಾನಕ್ಕೆ ಕೂತದ್ದು ಸರಿಯಾಗಿ ಆ ಹೊತ್ತಿಗೇ, ಮನೆಯ ನಡುಮನೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು.

ಅದಕ್ಕೂ ಮೊದಲು ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಧ್ಯಾನ ನಂಬಿಕೊಂಡು ಮನೆಯಲ್ಲೇ ಒಂದೇ ಸಲ ನಿಲ್ಲಿಸಬಾರದು. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುವುದು, ಕೇಳುವುದು ಆಗುತ್ತದೆ. ಇದರಲ್ಲಿ ಜೀವ ಹೋದವರಿದ್ದಾರೆ. ನಾನು ಆಸ್ಪತ್ರೆಗೆ ಸೇರಿಕೊಂಡೇ ಬಿಟ್ಟೆ. ನಡುಕ ಇಳಿಸುವ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡಿದರು. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಎಷ್ಟೋ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಮೈ ಶಾಂತವಾದ ಮೇಲೇ ನನ್ನ ಧ್ಯಾನ ಶುರುವಾದದ್ದು.

ಹೇಗೆ ಕೂರಬೇಕು ಅಂತ ಹೇಳಿಕೊಟ್ಟದ್ದು ಅಲ್ಲಿನ ಕೌನ್ಸೆಲರ್. ಕಣ್ಣು ಮುಚ್ಚಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಹಳೆಯದೆಲ್ಲ ನುಗ್ಗಿ ಬರುತ್ತಿತ್ತು. ಹಾಗಾದರೆ ತೆರೆದೇ ಕೂರಿ, ನೆಲದ ಮೇಲೆ ಒಂದು ಕಡೆ ನೋಡುತ್ತಿರಿ, ಸಾಕು ಅಂದರು. ಉಸಿರು ಹೊರಗೆ ಬಿಟ್ಟಾಗ ಒಂದು, ಮತ್ತೆ ಬಿಟ್ಟಾಗ ಎರಡು, ಹೀಗೆ ಹತ್ತರವರೆಗೆ, ಆಮೇಲೆ ಮತ್ತೆ ಒಂದರಿಂದ. ಲೆಕ್ಕ ತಪ್ಪಿದರೂ ಬೇಸರ ಇಲ್ಲ, ಒಂದಕ್ಕೆ ವಾಪಸ್ಸು. ಕಾಯಿಲ್ ಸುತ್ತು ಎಣಿಸುವುದೇ ನನ್ನ ಕಸುಬಾದ್ದರಿಂದ ಇದು ಬೇಗ ಕೈಗೆ ಬಂತು. ಮಂತ್ರ, ಬೆಳಕು, ಚಕ್ರ ಅಂತ ಹೇಳಿದ್ದರೆ ನಾನು ಎರಡನೇ ದಿನವೇ ಎದ್ದುಬಿಡುತ್ತಿದ್ದೆ ಅನ್ನಿಸುತ್ತದೆ.

ಆದರೆ ನನ್ನನ್ನು ಉಳಿಸಿದ್ದು ಉಸಿರು ಎಣಿಸಿದ್ದಲ್ಲ, ಅದರ ಮುಂದಿನ ಹೆಜ್ಜೆ. ಕುಡಿಯಬೇಕು ಅನ್ನಿಸಿದ ಕೂಡಲೇ ಅದು ಮೈಯಲ್ಲಿ ಎಲ್ಲಿದೆ ಅಂತ ಹುಡುಕುವುದು. ನನಗೆ ಮೊದಲು ಬಾಯಲ್ಲಿ ನೀರೂರುತ್ತಿತ್ತು. ಆಮೇಲೆ ದವಡೆಯ ಹಿಂಭಾಗ ಬಿಗಿಯುತ್ತಿತ್ತು, ಗಂಟಲು ಒಣಗುತ್ತಿತ್ತು. ಹೊಕ್ಕುಳ ಮೇಲೆ ಯಾರೋ ಒಳಗಿನಿಂದ ಹಿಡಿದು ಎಳೆದಂತೆ ಆಗುತ್ತಿತ್ತು. ಅಷ್ಟು ಹೊತ್ತಿಗೆ ತಲೆ ಮಾತಾಡಲು ಶುರು ಮಾಡುತ್ತಿತ್ತು: ಒಂದು ತೊಂಬತ್ತು ಸಾಕು, ಯಾರಿಗೆ ಗೊತ್ತಾಗುತ್ತೆ, ನಾಳೆಯಿಂದ ಬಿಡೋಣ. ಆ ಮಾತಿಗೆ ಉತ್ತರ ಕೊಡುವುದು ಬೇಡ, ಜಗಳವೂ ಬೇಡ. ಹೊಕ್ಕುಳ ಹತ್ತಿರದ ಎಳೆತ ಈಗ ಜಾಸ್ತಿಯಾಯಿತೋ ಕಡಿಮೆಯಾಯಿತೋ, ಅಷ್ಟನ್ನೇ ನೋಡುತ್ತಿರಬೇಕು. ಏರುತ್ತದೆ, ಏರುತ್ತದೆ, ಇನ್ನು ತಡೆಯೋಕಾಗಲ್ಲ ಅನ್ನುವವರೆಗೂ ಏರುತ್ತದೆ. ಆಮೇಲೆ ತಾನಾಗೇ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೇ ಇಳಿದುಬಿಡುತ್ತದೆ. ಅಷ್ಟು ವರ್ಷ ಕುಡಿದರೂ ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಏಕೆಂದರೆ ಅದು ಇಳಿಯುವವರೆಗೆ ನಾನು ಒಂದು ದಿನವೂ ಕಾದಿರಲಿಲ್ಲ.

ಇದನ್ನು ಅಲೆಗೆ ಹೋಲಿಸಿ ಕಲಿಸಿದವರು ಅಮೆರಿಕದ ಸಿಯಾಟಲ್‌ನಲ್ಲಿದ್ದ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು. ಅಲೆಯ ಎದುರು ನಿಂತರೆ ಬೀಳುತ್ತೀರಿ, ಅದರ ಮೇಲೆ ತೇಲಿದರೆ ದಡಕ್ಕೆ ಬರುತ್ತೀರಿ ಅನ್ನುವುದು ಇದರ ತಿರುಳು. ಅವರೂ ಅವರ ಜೊತೆಯವರೂ ಸೇರಿ ಬಿಟ್ಟ ಚಟ ಮರಳದಂತೆ 8 ವಾರದ ಧ್ಯಾನ ತರಬೇತಿಯೊಂದನ್ನು ರೂಪಿಸಿದರು. ಚಿಕಿತ್ಸೆ ಮುಗಿಸಿದ 286 ಜನರ ಮೇಲೆ ಅದನ್ನು ಪರೀಕ್ಷಿಸಿದ ಫಲಿತಾಂಶ 2014ರಲ್ಲಿ ಬಂತು. ಒಂದು ವರ್ಷದ ನಂತರ ನೋಡಿದಾಗ, ಬೇರೆ ರೀತಿಯ ಚಿಕಿತ್ಸೆ ಪಡೆದವರಿಗಿಂತ ಈ ತರಬೇತಿ ಪಡೆದವರು ಮಾದಕ ವಸ್ತು ಬಳಸಿದ ದಿನಗಳು ಕಡಿಮೆಯಿದ್ದವು. ಇವರೆಲ್ಲ ಮೊದಲು ಚಿಕಿತ್ಸೆ ಮುಗಿಸಿ ಬಂದವರು ಅನ್ನುವುದನ್ನು ಮರೆಯಬಾರದು.

ಮನೆಯಲ್ಲಿ ಮೊದಮೊದಲು ಯಾರಿಗೂ ಇದು ಅರ್ಥವಾಗಲಿಲ್ಲ. "ಏನ್ರೀ, ಕಣ್ಣು ಬಿಟ್ಕೊಂಡು ಗೋಡೆಗೊರಗಿ ಕೂತಿದ್ದೀರಿ, ಮೈ ಸರಿ ಇಲ್ವಾ?" ಅಂತ ಹೆಂಡತಿ ಗಾಬರಿಯಾದಳು. ವಿಷಯ ಹೇಳಿದ ಮೇಲೆ ಆರೂವರೆಗೆ ಟಿವಿ ಸೌಂಡ್ ಕಡಿಮೆ ಮಾಡುತ್ತಿದ್ದಳು, ಎದ್ದ ಕೂಡಲೇ ಏನಾದರೂ ತಿನ್ನಲು ಕೊಡುತ್ತಿದ್ದಳು. ಇದು ಸಣ್ಣ ವಿಷಯ ಅಲ್ಲ. ಹಸಿದಿದ್ದರೆ ಎಳೆತ ದುಪ್ಪಟ್ಟು. ಸಿಟ್ಟು, ಒಂಟಿತನ, ಆಯಾಸ ಇದ್ದಾಗಲೂ ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಕೂರುವುದಕ್ಕಿಂತ ಎರಡು ಇಡ್ಲಿ ತಿಂದು ಕೂರುವುದು ಮೇಲು.

10 ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಅಂತ ಬಿಟ್ಟ ಹೊಸದರಲ್ಲಿ ಬಹಳ ಜನ ಹೇಳಿದರು. ಅದರಿಂದ ಒಳ್ಳೆಯದಾದವರನ್ನು ನೋಡಿದ್ದೇನೆ. ಆದರೂ ಆಗಷ್ಟೇ ಬಿಟ್ಟವರಿಗೆ ನಾನು ಅದನ್ನು ಹೇಳುವುದಿಲ್ಲ. ದಿನಕ್ಕೆ ಹತ್ತು ಗಂಟೆ ಮಾತಿಲ್ಲದೆ ಕೂರುವಷ್ಟು ಗಟ್ಟಿ ಆಗ ಮನಸ್ಸು ಇರುವುದಿಲ್ಲ. ನಿದ್ದೆ ಸರಿಯಾಗಲಿಕ್ಕೇ ತಿಂಗಳುಗಳು ಬೇಕು. ಕೂತಾಗ ಸಂಕಟ ಹೆಚ್ಚಾದರೆ ಎದ್ದು ನಡೆಯಿರಿ, ಹೆಜ್ಜೆ ಎಣಿಸಿ, ಡಾಕ್ಟರ್ ಹತ್ತಿರ ಹೇಳಿ. ಧ್ಯಾನ ಮಾಡುತ್ತಿದ್ದೇನಲ್ಲ ಅಂತ ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೇಬೇಡಿ.

ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ. ಅದರ ಮೀಟಿಂಗ್‌ಗೂ ಹೋಗುತ್ತೇನೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ ಆ ಕೂಟದ 12 ಹೆಜ್ಜೆಗಳಲ್ಲಿ 11ನೆಯದರಲ್ಲೇ ಪ್ರಾರ್ಥನೆ ಮತ್ತು ಧ್ಯಾನ ಇದೆ. ಅಲ್ಲಿನ ಹಿರಿಯರೊಬ್ಬರು ನನಗೆ ಹೇಳಿದ್ದರು: "ಕೂತ್ಕೊ ಕಣಪ್ಪ, ಆದ್ರೆ ಒಬ್ನೇ ಕೂತ್ಕೋಬ್ಯಾಡ. ಫೋನ್ ಪಕ್ಕದಲ್ಲಿಟ್ಕೊ." ಈಗಲೂ ಹಾಗೇ ಮಾಡುತ್ತೇನೆ. ಅರ್ಧ ಗಂಟೆ ಕೂತರೂ ಎಳೆತ ಇಳಿಯಲಿಲ್ಲವೆಂದರೆ ಹಟ ಮಾಡಿ ಕೂರುವುದಿಲ್ಲ, ಅವರಿಗೆ ಫೋನ್ ಮಾಡುತ್ತೇನೆ. ಅಂಥವರು ಇನ್ನೂ ಯಾರೂ ಸಿಗದವರು 14416ಕ್ಕೆ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸಲೆಂದೇ ಇರುವ ಸಹಾಯವಾಣಿ 14446. ಕುಡಿಯುವವರೇ ಮಾಡಬೇಕು ಅಂತಿಲ್ಲ, ಮನೆಯವರೂ ಮಾಡಬಹುದು.